ಫ್ರೀಲಾನ್ಸ್ ಪ್ರೋಗ್ರಾಮರ್ಸ್

ಫ್ರೀಲಾನ್ಸ್ ಪ್ರೋಗ್ರಾಮರ್ಸ್ 1962ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಗೊಂಡ ತಂತ್ರಾಂಶ ಸಂಸ್ಥೆ. ಇದರ ಸ್ಥಾಪಕಿ ಸ್ಟೆಫನಿ ಶರ್ಲಿ. ವಿವಾಹ ಅಥವಾ ಹೆರಿಗೆಯ ಕಾರಣದಿಂದ ಉದ್ಯೋಗ ತೊರೆದಿದ್ದ ನುರಿತ ಮಹಿಳೆಯರಿಗೆ ಮನೆಯಲ್ಲಿಯೇ ಪ್ರೋಗ್ರಾಮಿಂಗ್ ಕೆಲಸ ಒದಗಿಸಿದ್ದು ಇದರ ವೈಶಿಷ್ಟ್ಯ.

ಹಿನ್ನೆಲೆ

ಶರ್ಲಿ 1933ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಜನಿಸಿದರು. ನಾಜಿ ಆಡಳಿತದಿಂದ ಯಹೂದಿ ಮಕ್ಕಳನ್ನು ಪಾರುಮಾಡಿದ ಕಿಂಡರ್‌ಟ್ರಾನ್ಸ್‌ಪೋರ್ಟ್ ಕಾರ್ಯಾಚರಣೆಯ ಮೂಲಕ 1939ರಲ್ಲಿ ಬ್ರಿಟನ್ ಸೇರಿದರು. ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ದುಡಿಯುತ್ತಲೇ ಸಂಜೆ ತರಗತಿಗಳಲ್ಲಿ ಓದಿ ಗಣಿತದಲ್ಲಿ ಪದವಿ ಪಡೆದರು. ಸಾಮರ್ಥ್ಯವಿದ್ದರೂ ಮಹಿಳೆಯೆಂಬ ಕಾರಣಕ್ಕೆ ಮುಂದಿನ ಹುದ್ದೆಗಳು ದೊರೆಯುವುದು ದುಸ್ತರವೆಂದು ಅರಿತು, ಆರು ಪೌಂಡುಗಳ ಬಂಡವಾಳದೊಡನೆ ಸ್ವಂತ ಸಂಸ್ಥೆಯನ್ನು ಆರಂಭಿಸಿದರು.

ಸ್ಟೆಫನಿ ಎಂಬ ಸಹಿಯಿದ್ದ ವ್ಯವಹಾರ ಪತ್ರಗಳಿಗೆ ಉತ್ತರಗಳು ಬರುತ್ತಿರಲಿಲ್ಲ. ಪತಿ ಡೆರೆಕ್ ಅವರ ಸಲಹೆಯಂತೆ 'ಸ್ಟೀವ್' ಎಂದು ಸಹಿ ಮಾಡತೊಡಗಿದ ಬಳಿಕ ಭೇಟಿಯ ಅವಕಾಶಗಳು ದೊರೆತವು. ಪತ್ರ ಬರೆದವರ ಅರ್ಹತೆ ಬದಲಾಗಿರಲಿಲ್ಲ. ಬದಲಾದುದು ಹೆಸರು ಮಾತ್ರ. ಮುಂದೆ ಅವರು ಅದೇ ಹೆಸರಿನಿಂದ ಪ್ರಸಿದ್ಧರಾದರು.

ಕಾರ್ಯವಿಧಾನ

ಆರಂಭದ ವರ್ಷಗಳಲ್ಲಿ ಪ್ರೋಗ್ರಾಮರುಗಳ ಮನೆಗಳಲ್ಲಿ ಗಣಕಯಂತ್ರಗಳಿರಲಿಲ್ಲ. ಅವರು ಕಾಗದದ ಮೇಲೆ ಪೆನ್ಸಿಲಿನಿಂದ ಪ್ರೋಗ್ರಾಮ್ ಬರೆದು ಅಂಚೆಯ ಮೂಲಕ ದತ್ತಾಂಶ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಅಲ್ಲಿ ಅದನ್ನು ಕಾಗದದ ಪಟ್ಟಿ ಅಥವಾ ಕಾರ್ಡುಗಳ ಮೇಲೆ ರಂಧ್ರಗಳ ರೂಪಕ್ಕೆ ತಂದು ಗಣಕಯಂತ್ರಕ್ಕೆ ನೀಡಲಾಗುತ್ತಿತ್ತು. ಕೆಲಸಕ್ಕೆ ಅರ್ಜಿ ಹಾಕಿದವರನ್ನು, ದೂರವಾಣಿಯ ಸೌಲಭ್ಯವಿದೆಯೇ ಎಂದೂ ಕೇಳಲಾಗುತ್ತಿತ್ತು. ಕಚೇರಿಯಲ್ಲಿ ಕಳೆದ ಸಮಯಕ್ಕಿಂತ ಪೂರೈಸಿದ ಕೆಲಸವೇ ಇಲ್ಲಿ ಮುಖ್ಯವಾಗಿತ್ತು. ಶಬ್ದಾತೀತ ವಿಮಾನ ಕಾನ್‌ಕಾರ್ಡ್‌ನ ಹಾರಾಟ ದಾಖಲೆ ಪೆಟ್ಟಿಗೆಯ ಪ್ರೋಗ್ರಾಮಿಂಗ್ ಈ ಸಂಸ್ಥೆಯ ಮಹಿಳೆಯರ ಕೊಡುಗೆ.

ನೇಮಕಾತಿ ಮತ್ತು ಕಾನೂನು

ಸಂಸ್ಥೆಯ ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಮಹಿಳೆಯರಾಗಿದ್ದರು. ಬ್ರಿಟನ್ನಿನಲ್ಲಿ 1975ರ ಲಿಂಗ ತಾರತಮ್ಯ ಕಾಯ್ದೆ ಜಾರಿಗೆ ಬಂದಾಗ, ಮಹಿಳೆಯರಿಗೇ ಆದ್ಯತೆ ನೀಡುವ ಈ ನೀತಿಯೂ ಕಾನೂನುಬಾಹಿರವಾಯಿತು. ಸ್ತ್ರೀಯರ ರಕ್ಷಣೆಗೆ ನೆರವಾಗಬೇಕಿದ್ದ ಕಾಯ್ದೆಯೇ ಸ್ತ್ರೀಯರಿಗಾಗಿ ಸ್ಥಾಪಿತವಾದ ಸಂಸ್ಥೆಯನ್ನು ಕಟ್ಟಿಹಾಕಿದ್ದು ವಿಪರ್ಯಾಸ. ಸಂಸ್ಥೆಯು ತನ್ನ ಧ್ಯೇಯವನ್ನು ಮಾರ್ಪಡಿಸಿಕೊಂಡು, ಅವಲಂಬಿತರ ಪಾಲನೆಯ ಹೊಣೆ ಹೊತ್ತ ಪುರುಷರಿಗೂ ಅವಕಾಶ ನೀಡಿತು.

ನಂತರದ ಬೆಳವಣಿಗೆ

ಸಂಸ್ಥೆಯು ಎಫ್ ಇಂಟರ್‌ನ್ಯಾಷನಲ್, ಎಫ್‌ಐ ಗ್ರೂಪ್ ಎಂಬ ಹೆಸರುಗಳನ್ನು ಪಡೆದು, 1996ರಲ್ಲಿ ಷೇರು ಮಾರುಕಟ್ಟೆಯನ್ನು ಪ್ರವೇಶಿಸಿತು. ಶರ್ಲಿಯವರು ಒಡೆತನದ ಗಣನೀಯ ಭಾಗವನ್ನು ಸಿಬ್ಬಂದಿಗೆ ವರ್ಗಾಯಿಸಿದ್ದರಿಂದ ಅವರಲ್ಲಿ 70 ಮಂದಿ ಲಕ್ಷಾಧಿಪತಿಗಳಾದರು. ಕ್ಸಾನ್ಸಾ ಎಂದು ಮರುನಾಮಕರಣಗೊಂಡ ಸಂಸ್ಥೆಯನ್ನು 2007ರಲ್ಲಿ ಫ್ರಾನ್ಸಿನ ಸ್ಟೀರಿಯಾ ಕಂಪನಿಯು ಖರೀದಿಸಿತು. ಶರ್ಲಿಯವರಿಗೆ 2000ದಲ್ಲಿ 'ಡೇಮ್' ಪದವಿ ಸಂದಿತು.

ಮಹತ್ವ

ಗಣಕ ಉದ್ಯಮದಲ್ಲಿ ಪ್ರತಿಭೆಯೊಂದೇ ಮಾನದಂಡವೆಂಬ ವಾದದ ಮಿತಿಯನ್ನು ಈ ಸಂಸ್ಥೆಯ ಇತಿಹಾಸ ತೋರಿಸುತ್ತದೆ. ಈ ಮಹಿಳೆಯರನ್ನು ಉದ್ಯಮದಿಂದ ದೂರವಿರಿಸಿದ್ದು ಪ್ರತಿಭೆಯ ಕೊರತೆಯಲ್ಲ. ನಿಗದಿತ ವೇಳೆಗೆ ಕಚೇರಿಯಲ್ಲಿ ಹಾಜರಿರಬೇಕೆಂಬ ನಿಯಮ. ಅದನ್ನು ಸಡಿಲಿಸಿದಾಗ, ಕೆಲಸದ ಗುಣಮಟ್ಟದಲ್ಲಿ ರಾಜಿಯಿಲ್ಲದೆಯೇ ಅವರು ವೃತ್ತಿಗೆ ಮರಳಿದರು.