ಪೂರ್ತಿ ನಿಂತರೆ ಏನಾಗುತ್ತದೆ: ಸ್ಟಾಪ್ ಫಲಕ, ಸೈಕಲ್ ಸವಾರರು ಮತ್ತು ಪೊಲೀಸರ ವಿವೇಚನೆ

2015ರ ಜುಲೈ 29ರ ಬುಧವಾರ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ‘ವಿಗಲ್’ ಎಂಬ ಸೈಕಲ್ ದಾರಿಯಲ್ಲಿ ನೂರಾರು ಸವಾರರು ಕಾನೂನನ್ನು ಅಕ್ಷರಶಃ ಪಾಲಿಸಿದರು. ಅವರ ಪ್ರತಿಭಟನೆಯೇ ಅದು. ಒಬ್ಬರ ಹಿಂದೆ ಒಬ್ಬರಂತೆ ಸಾಲಾಗಿ ಬಂದು, ಪ್ರತಿ ಸ್ಟಾಪ್ ಫಲಕದ ಎದುರು ಪ್ರತಿಯೊಬ್ಬರೂ ಪೂರ್ತಿ ನಿಂತು, ತಮ್ಮ ಸರದಿ ಬಂದ ಮೇಲಷ್ಟೇ ಪೆಡಲ್ ತುಳಿದರು. ಸ್ವಲ್ಪ ಹೊತ್ತಿನಲ್ಲೇ ಅಡ್ಡರಸ್ತೆಗಳು ಕಟ್ಟಿಕೊಂಡವು. ಹಿಂದೆ ಸಿಕ್ಕಿಬಿದ್ದ ಕಾರುಗಳವರು ಹಾರ್ನ್ ಬಾರಿಸತೊಡಗಿದರು. ನಿಯಮ ಮುರಿಯುತ್ತಾರೆಂದು ಸೈಕಲ್ಲಿನವರನ್ನು ದೂರುವ ಊರು ಅವರು ನಿಯಮ ಪಾಲಿಸಿದ್ದಕ್ಕೂ ತಾಳ್ಮೆ ಕಳೆದುಕೊಂಡಿತು.

ಈ ಘಟನೆಯನ್ನು ಪತ್ರಿಕೆಗಳು ಒಂದು ತಮಾಷೆಯಾಗಿ ವರದಿ ಮಾಡಿದ್ದುಂಟು. ನನಗೆ ಅದು ಒಂದು ಪ್ರಯೋಗದಂತೆ ಕಾಣುತ್ತದೆ. ಸೈಕಲ್ ಸವಾರರಿಗೂ ಪೊಲೀಸರಿಗೂ ನಡೆಯುವ ಜಗಳವನ್ನು ಸಾಮಾನ್ಯವಾಗಿ ನಿಯಮದ ಸರಿತಪ್ಪಿನ ಜಗಳವೆಂದು ಓದುತ್ತೇವೆ. ಅಮೆರಿಕದ ದಾಖಲೆಗಳನ್ನು ನೋಡುತ್ತ ಹೋದರೆ ಜಗಳದ ಬೇರು ಇನ್ನೊಂದು ಕಡೆ ಸಿಗುತ್ತದೆ: ಯಾರೂ ಪೂರ್ತಿ ಜಾರಿ ಮಾಡಲು ಬಯಸದ ನಿಯಮವೊಂದು ಪುಸ್ತಕದಲ್ಲಿ ಉಳಿದಾಗ, ಅದನ್ನು ಯಾರ ಮೇಲೆ, ಯಾವ ದಿನ, ಯಾವ ಮೂಲೆಯಲ್ಲಿ ಪ್ರಯೋಗಿಸಬೇಕು ಎಂಬ ತೀರ್ಮಾನ ಪೊಲೀಸನ ಕೈಗೆ ಹೋಗುತ್ತದೆ. ಈ ಟಿಪ್ಪಣಿ ಆ ತೀರ್ಮಾನದ ಕುರಿತದ್ದು.

ಮೊದಲು ಸ್ಥಳ. ವಿಗಲ್ ಎಂದರೆ ಮಾರ್ಕೆಟ್ ಸ್ಟ್ರೀಟ್ ಕಡೆಯಿಂದ ಗೋಲ್ಡನ್ ಗೇಟ್ ಪಾರ್ಕಿನ ದಿಕ್ಕಿಗೆ ಹೋಗುವ, ಸುಮಾರು ಒಂದೂವರೆ ಕಿಲೋಮೀಟರಿನ ಅಂಕುಡೊಂಕು ದಾರಿ. ಗುಡ್ಡಗಳ ಊರಿನಲ್ಲಿ ಏರು ತಪ್ಪಿಸಲು ಸ್ಟೈನರ್, ವಾಲರ್, ಪಿಯರ್ಸ್, ಸ್ಕಾಟ್ ಮುಂತಾದ ವಸತಿ ಬೀದಿಗಳಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತ ಸಾಗುತ್ತದೆ. ಹಿಂದೆ ಹಳ್ಳವೊಂದು ಹರಿಯುತ್ತಿದ್ದ ತಗ್ಗು ಇದು. ನೀರು ಆರಿಸಿಕೊಂಡ ದಾರಿಯನ್ನೇ ಸೈಕಲ್ಲಿನವರೂ ಆರಿಸಿಕೊಂಡಿದ್ದಾರೆ. ಅಡ್ಡರಸ್ತೆಗಳಲ್ಲಿ ಸಿಗ್ನಲ್ ದೀಪಗಳು ಕಡಿಮೆ, ಸ್ಟಾಪ್ ಫಲಕಗಳು ಹೆಚ್ಚು. ಅಮೆರಿಕದಲ್ಲಿ ಇಂಥ ಫಲಕಗಳನ್ನು ವಸತಿ ಬೀದಿಗಳ ನಿವಾಸಿಗಳು ಒತ್ತಾಯಿಸಿ ಹಾಕಿಸಿಕೊಳ್ಳುವುದು ವಾಡಿಕೆ. ಕಾರುಗಳ ವೇಗ ತಗ್ಗಲಿ, ಹಾದುಹೋಗುವ ಕಾರುಗಳು ಬೇರೆ ಬೀದಿ ಹಿಡಿಯಲಿ ಎಂಬುದು ಅವರ ಲೆಕ್ಕ. ವೇಗ ನಿಯಂತ್ರಣಕ್ಕೆ ಸ್ಟಾಪ್ ಫಲಕ ಬಳಸಬಾರದೆಂದು ಆ ದೇಶದ ಸಂಚಾರ ಫಲಕಗಳ ಕೈಪಿಡಿಯೇ ಹೇಳುತ್ತದೆ, ಆದರೂ ಬಳಸುತ್ತಾರೆ. ಹೀಗೆ ಕಾರು ಕಡಿಮೆಯಾಗಿ ಶಾಂತವಾದ ಬೀದಿಗೆ ಸೈಕಲ್ಲಿನವರು ಬರುತ್ತಾರೆ, ಬಂದವರು ಅದೇ ಫಲಕದ ಕೆಳಗೆ ದಂಡ ಕಟ್ಟುತ್ತಾರೆ.

ಸೈಕಲ್ಲಿನವನಿಗೆ ನಿಲ್ಲುವುದೆಂದರೆ ಏನು ಎಂಬುದನ್ನು ಬರ್ಕ್ಲಿಯ ಭೌತವಿಜ್ಞಾನಿ ಜೋಯೆಲ್ ಫಾಜನ್ಸ್, ಮೆಲನಿ ಕರಿ ಅವರೊಡನೆ 2001ರಲ್ಲಿ ಬರೆದ ಲೇಖನದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಸಾಧಾರಣ ಸವಾರನೊಬ್ಬ ಸುಮಾರು 100 ವಾಟ್ ಶಕ್ತಿ ಹಾಕಿ ತುಳಿಯುತ್ತಾನೆ ಎಂದಿಟ್ಟುಕೊಳ್ಳಿ. ಪ್ರತಿ 300 ಅಡಿಗೊಂದು ಸ್ಟಾಪ್ ಫಲಕವಿದ್ದು, ಅವನು ಎಲ್ಲ ಕಡೆಯೂ ನಿಂತರೆ, ಅಷ್ಟೇ ಶ್ರಮಕ್ಕೆ ಸರಾಸರಿ ವೇಗ ಸುಮಾರು 40 ಪ್ರತಿಶತ ಇಳಿಯುತ್ತದೆ. ಕಾರಿನವನಿಗೆ ಕಾಲ ಹೆಬ್ಬೆರಳಿನ ಒತ್ತಡದಲ್ಲಿ ಮುಗಿಯುವ ಕೆಲಸ ಇವನಿಗೆ ತೊಡೆಯ ಬಲ ಕೇಳುತ್ತದೆ. ಹಾಗಾಗಿ ವೇಗ ತಗ್ಗಿಸಿ, ಆಚೀಚೆ ನೋಡಿ, ಯಾರೂ ಇಲ್ಲದಿದ್ದರೆ ಉರುಳಿಕೊಂಡೇ ದಾಟುವ ರೂಢಿ ಬೆಳೆದಿದೆ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆ ಈ ರೂಢಿಯನ್ನು ಒಪ್ಪುವುದಿಲ್ಲ. ಅದರ 21200ನೇ ಕಲಮು ಸೈಕಲ್ ಸವಾರನಿಗೆ ವಾಹನ ಚಾಲಕನ ಹಕ್ಕು ಮತ್ತು ಹೊಣೆ ಎರಡನ್ನೂ ಕೊಡುತ್ತದೆ. ಸ್ವಭಾವತಃ ಸೈಕಲ್ಲಿಗೆ ಹೊಂದದ ವಿಧಿಗಳಿಗೆ ಮಾತ್ರ ವಿನಾಯಿತಿ. ಸ್ಟಾಪ್ ಫಲಕ ಆ ವಿನಾಯಿತಿಯಲ್ಲಿ ಸೇರಿಲ್ಲ.

2015ರಲ್ಲಿ, ವಿಗಲ್ ಇರುವ ಪ್ರದೇಶದ ಪಾರ್ಕ್ ಠಾಣೆಯ ಕ್ಯಾಪ್ಟನ್ ಜಾನ್ ಸ್ಯಾನ್ಫರ್ಡ್, ನಿಯಮ ಮುರಿಯುವ ಸೈಕಲ್ಲಿನವರ ಮೇಲೆ ದಂಡದ ಕಾರ್ಯಾಚರಣೆ ನಡೆಸುವುದಾಗಿ ಹೇಳಿದ್ದರು. ಜುಲೈನ ಪ್ರತಿಭಟನೆ ಅದಕ್ಕೆ ಉತ್ತರವಾಗಿತ್ತು. ಅವರ ಕಡೆಯ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. 2012ರ ಮಾರ್ಚ್‌ನಲ್ಲಿ ಅದೇ ನಗರದ ಕ್ಯಾಸ್ಟ್ರೊ ಮತ್ತು ಮಾರ್ಕೆಟ್ ಬೀದಿಗಳು ಕೂಡುವಲ್ಲಿ, ಇಳಿಜಾರಿನಲ್ಲಿ ಬಂದ ಸೈಕಲ್ ಡಿಕ್ಕಿ ಹೊಡೆದು 71 ವರ್ಷದ ಪಾದಚಾರಿಯೊಬ್ಬರು ತೀರಿಹೋಗಿದ್ದರು. ಸವಾರ 2013ರಲ್ಲಿ ಗಂಭೀರ ಅಪರಾಧದ ಆರೋಪವನ್ನು ಒಪ್ಪಿಕೊಂಡು ಶಿಕ್ಷೆಗೆ ಒಳಗಾದ. ವಯಸ್ಸಾದವರಿಗೆ, ಕಣ್ಣು ಕಾಣದವರಿಗೆ ಸದ್ದಿಲ್ಲದೆ ಉರುಳಿ ಬರುವ ಸೈಕಲ್ಲಿನ ಭಯ ನಿಜವಾದದ್ದು. ಇನ್ನೊಂದು ಕಡೆ, ನಗರದ ಪೊಲೀಸ್ ಇಲಾಖೆಯೇ ಸ್ಯಾನ್ಫರ್ಡರ ಘೋಷಣೆಗೂ ಮುಂಚೆ ಒಂದು ಮಾತು ಕೊಟ್ಟಿತ್ತು: ತಾನು ಹಾಕುವ ಸಂಚಾರ ದಂಡಗಳಲ್ಲಿ ಅರ್ಧದಷ್ಟಾದರೂ ಅತಿ ಅಪಾಯದ ಐದು ತಪ್ಪುಗಳ ಮೇಲಿರಬೇಕು. ಅತಿವೇಗ, ಕೆಂಪು ದೀಪ ದಾಟುವುದು, ಸ್ಟಾಪ್ ಫಲಕ ದಾಟುವುದು, ಪಾದಚಾರಿಗೆ ದಾರಿ ಬಿಡದಿರುವುದು, ತಿರುಗುವಾಗ ದಾರಿ ಬಿಡದಿರುವುದು. ಈ ಪಟ್ಟಿ ಕಾರಿನವರ ತಪ್ಪುಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ್ದು ಎಂದು ಸೈಕಲ್ಲಿನವರು. ಸ್ಟಾಪ್ ಫಲಕ ಪಟ್ಟಿಯಲ್ಲೇ ಇದೆಯಲ್ಲ ಎಂದು ಠಾಣೆಯವರು. ಇಬ್ಬರ ಬಳಿಯೂ ಪಠ್ಯವಿತ್ತು. ವ್ಯಾಖ್ಯಾನದ ಜಗಳ ನ್ಯಾಯಾಲಯಕ್ಕೆ ಹೋಗದೆ ಬೀದಿಯಲ್ಲೇ ನಡೆಯಿತು.

ಮುಂದಿನದು ನನಗೆ ಹೆಚ್ಚು ಕುತೂಹಲದ ಭಾಗ. ನಗರದ ಮೇಲ್ವಿಚಾರಕ ಮಂಡಳಿಗೆ ರಾಜ್ಯದ ಸಂಹಿತೆಯನ್ನು ತಿದ್ದುವ ಅಧಿಕಾರವಿಲ್ಲ. ಆದ್ದರಿಂದ ಸದಸ್ಯ ಜಾನ್ ಅವಲೋಸ್ ತಂದ ಮಸೂದೆ ನಿಯಮವನ್ನು ಮುಟ್ಟಲೇ ಇಲ್ಲ. ಎಚ್ಚರದಿಂದ ದಾರಿ ಬಿಟ್ಟು ದಾಟುವ ಸವಾರನಿಗೆ ದಂಡ ಹಾಕುವುದು ಪೊಲೀಸರ ಕಟ್ಟಕಡೆಯ ಆದ್ಯತೆಯಾಗಲಿ ಎಂದಷ್ಟೇ ಹೇಳಿತು. 2006ರಲ್ಲಿ ಗಾಂಜಾ ವಿಷಯದಲ್ಲಿ ಇದೇ ನಗರ ಇದೇ ತಂತ್ರ ಹೂಡಿತ್ತು. ಅಂದರೆ ಪೊಲೀಸನ ವಿವೇಚನೆಯನ್ನೇ ಶಾಸನದ ವಸ್ತುವನ್ನಾಗಿ ಮಾಡುವ ಪ್ರಯತ್ನ ಇದು. 2015ರ ಡಿಸೆಂಬರ್‌ನಲ್ಲಿ ಮಸೂದೆ 6–5 ಮತಗಳಿಂದ ಪಾಸಾಯಿತು. ಮೇಯರ್ ಎಡ್ ಲೀ, ಅನುಕೂಲಕ್ಕಿಂತ ಸುರಕ್ಷತೆ ಮೇಲು ಎಂಬ ನಿಲುವಿನಿಂದ, 2016ರ ಜನವರಿಯಲ್ಲಿ ಅದನ್ನು ತಿರಸ್ಕರಿಸಿದರು. ಮೇಯರರ ವೀಟೊ ಮೀರಲು ಎಂಟು ಮತ ಬೇಕಿತ್ತು, ಇದ್ದದ್ದು ಆರು.

ಅವಲೋಸ್ ಮಸೂದೆಯ ಹಿಂದೆ ಐಡಹೊ ರಾಜ್ಯದ ಮಾದರಿ ಇತ್ತು. ಸ್ಟಾಪ್ ಫಲಕವನ್ನು ಸೈಕಲ್ಲಿನವರು ‘ದಾರಿ ಬಿಡಿ’ ಫಲಕದಂತೆ ತಿಳಿಯಬಹುದು ಎಂದು ಆ ರಾಜ್ಯ 1982ರಲ್ಲೇ ಕಾನೂನು ಮಾಡಿತ್ತು. ಇದು ಸೈಕಲ್ ಚಳವಳಿಯ ಗೆಲುವು ಎಂದು ಅನೇಕರು ಬರೆಯುತ್ತಾರೆ. ಇತಿಹಾಸ ಹಾಗಿಲ್ಲ. ಐಡಹೊ ಆಗ ಸಣ್ಣ ಸಂಚಾರ ತಪ್ಪುಗಳನ್ನು ಕ್ರಿಮಿನಲ್ ಪಟ್ಟಿಯಿಂದ ತೆಗೆದು ದಂಡದ ತಪ್ಪುಗಳನ್ನಾಗಿ ಮಾರ್ಪಡಿಸುತ್ತಿತ್ತು. ಸೈಕಲ್ಲಿನ ಚಿಲ್ಲರೆ ಪ್ರಕರಣಗಳು ನ್ಯಾಯಾಲಯದ ಸಮಯ ತಿನ್ನುತ್ತಿವೆ ಎಂಬ ಬೇಸರ ಮ್ಯಾಜಿಸ್ಟ್ರೇಟರಿಗಿತ್ತು. ರಾಜ್ಯದ ನ್ಯಾಯಾಲಯಗಳ ಆಡಳಿತ ನಿರ್ದೇಶಕ ಕಾರ್ಲ್ ಬಿಯಾಂಕಿ ಈ ಸಂದರ್ಭ ನೋಡಿಕೊಂಡು ಸೈಕಲ್ ನಿಯಮಗಳ ಪರಿಷ್ಕರಣೆಯನ್ನೂ ಅದರೊಳಗೆ ಸೇರಿಸಿದರು. (ಇಟಲಿಯ ಹೆಸರಾಂತ ಸೈಕಲ್ ಕಂಪನಿಯ ಹೆಸರೇ ಈ ಅಧಿಕಾರಿಯದೂ ಆಗಿರುವುದು ಕಾಕತಾಳೀಯ.) ನ್ಯಾಯಾಲಯಕ್ಕೆ ಬೇಡವಾದ ನಿಯಮ ಪೊಲೀಸನ ಕೈಯಲ್ಲೂ ಇರಬೇಕಿಲ್ಲ ಎಂಬ ಸರಳ ಆಡಳಿತ ಬುದ್ಧಿ ಅದು. ವಿವೇಚನೆ ಹೇಗೆ ಬಳಸಬೇಕೆಂದು ಹೇಳುವ ಗೋಜಿಗೆ ಐಡಹೊ ಹೋಗಲಿಲ್ಲ. ಈ ಒಂದು ಮೂಲೆಯಲ್ಲಿ ಅದರ ಅವಕಾಶವನ್ನೇ ಕಿರಿದು ಮಾಡಿತು.

ಮುಂದೆ 35 ವರ್ಷ ಬೇರೆ ಯಾವ ರಾಜ್ಯವೂ ಅದನ್ನು ಅನುಸರಿಸಲಿಲ್ಲ. 2017ರಲ್ಲಿ ಡೆಲವೇರ್, ಆಮೇಲೆ ಅರ್ಕನ್ಸಾ, ಆರೆಗನ್, ವಾಷಿಂಗ್ಟನ್, ಯೂಟಾ, ಕೊಲರಾಡೊ, ಮಿನೆಸೋಟ ಹೀಗೆ ಸಾಲು ಬೆಳೆಯಿತು. ಡೆಲವೇರ್ ಪೊಲೀಸರ ಲೆಕ್ಕದಲ್ಲಿ, ಕಾನೂನು ಬಂದ ನಂತರದ 30 ತಿಂಗಳಲ್ಲಿ ಸ್ಟಾಪ್ ಫಲಕದ ಅಡ್ಡರಸ್ತೆಗಳ ಸೈಕಲ್ ಅಪಘಾತಗಳು ಹಿಂದಿನ 30 ತಿಂಗಳಿಗಿಂತ 23 ಪ್ರತಿಶತ ಇಳಿದಿದ್ದವು. ಚಿಕ್ಕ ರಾಜ್ಯದ ಚಿಕ್ಕ ಸಂಖ್ಯೆಗಳಿವು. ಕಾರಣ ಕಾನೂನೊಂದೇ ಎಂದು ಇದರಿಂದ ಸಾಧಿಸಲಾಗದು. ಸಡಿಲಿಸಿದರೆ ಹೆಣ ಬೀಳುತ್ತವೆ ಎಂಬ ವಾದಕ್ಕೆ ಇದು ಆಧಾರ ಕೊಡುವುದಿಲ್ಲ ಎಂದಷ್ಟೇ ಹೇಳಬಹುದು.

ಇಲ್ಲಿಯವರೆಗಿನ ಕಥೆಯ ಪಾತ್ರಧಾರಿಗಳು ಬಹುಮಟ್ಟಿಗೆ ಕಚೇರಿಗೆ ಸೈಕಲ್ಲಿನಲ್ಲಿ ಹೋಗುವ, ಮೇಯರರಿಗೆ ಪತ್ರ ಬರೆಯಬಲ್ಲ ಜನ. ಅದೇ 2015ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಿಂದ ಬೇರೊಂದು ದಾಖಲೆ ಹೊರಬಿತ್ತು. ಅಲ್ಲಿನ ಪತ್ರಿಕೆ ‘ಟ್ಯಾಂಪಾ ಬೇ ಟೈಮ್ಸ್’, ಪೊಲೀಸರು ಸೈಕಲ್ಲಿನವರಿಗೆ ಕೊಟ್ಟ ಚೀಟಿಗಳನ್ನು ಜರಡಿ ಹಿಡಿದು, ದಂಡ ತೆತ್ತವರಲ್ಲಿ ಬಹುಪಾಲು ಕಪ್ಪು ಜನರೆಂದು ತೋರಿಸಿತು. ಮರುವರ್ಷ ಕೇಂದ್ರ ನ್ಯಾಯ ಇಲಾಖೆಯ ಅಧ್ಯಯನ ಇದನ್ನು ದೃಢಪಡಿಸಿತು: ನಗರದ ಜನಸಂಖ್ಯೆಯಲ್ಲಿ ಸುಮಾರು ಕಾಲು ಭಾಗದಷ್ಟಿದ್ದ ಕಪ್ಪು ಜನ, ತಡೆದು ನಿಲ್ಲಿಸಲಾದ ಸೈಕಲ್ಲಿನವರಲ್ಲಿ 73 ಪ್ರತಿಶತ. ಈ ತಡೆಗಳಿಂದ ಅಪರಾಧವಾಗಲಿ ಅಪಘಾತವಾಗಲಿ ತಗ್ಗಿದ ಗುರುತು ಸಿಗಲಿಲ್ಲ. ನೆಪಗಳು ಏನು? ದೀಪವಿಲ್ಲ, ಹ್ಯಾಂಡಲ್ ಮೇಲೆ ಇನ್ನೊಬ್ಬನನ್ನು ಕೂರಿಸಿಕೊಂಡಿದ್ದಾನೆ. ರಾತ್ರಿ ದೀಪವಿಲ್ಲದ ಸೈಕಲ್ಲಿಗೂ ಡಬಲ್ ರೈಡಿಂಗಿಗೂ ಪೊಲೀಸರ ಕೈಗೆ ಸಿಕ್ಕವರು ನಮ್ಮ ಊರುಗಳ ಹಿರಿಯರಲ್ಲೂ ಇದ್ದಾರೆ. ಆ ದೃಶ್ಯ ಅವರಿಗೆ ಅಪರಿಚಿತವೇನಲ್ಲ. ಟ್ಯಾಂಪಾದಲ್ಲಿ ಮಾತ್ರ ದೀಪದ ವಿಚಾರಣೆ ದೀಪದಲ್ಲಿ ಮುಗಿಯುತ್ತಿರಲಿಲ್ಲ, ಜೇಬಿನ ತಪಾಸಣೆಗೆ ಹೋಗುತ್ತಿತ್ತು.

2021ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪ್ರಕಟಿಸಿದ ತನಿಖೆ ಇನ್ನೂ ದೊಡ್ಡದು. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಇಲಾಖೆ 2017ರಿಂದ ಸೈಕಲ್ಲಿನವರನ್ನು ತಡೆದ ಪ್ರಸಂಗಗಳು 44,000ಕ್ಕೂ ಹೆಚ್ಚು. ತಡೆದ ಹತ್ತರಲ್ಲಿ ಏಳು ಮಂದಿ ಲ್ಯಾಟಿನೊ. 85 ಪ್ರತಿಶತ ಜನರ ತಪಾಸಣೆ ನಡೆಯಿತು. ಅಕ್ರಮ ವಸ್ತು ಸಿಕ್ಕಿದ್ದು ಕೇವಲ 8 ಪ್ರತಿಶತ ತಡೆಗಳಲ್ಲಿ. ಕಾಲುದಾರಿಯ ಮೇಲೆ ಸೈಕಲ್ ಹೊಡೆದದ್ದು, ದೀಪವಿಲ್ಲದ್ದು ಇಂಥವೇ ತಡೆಯ ಕಾರಣಗಳು. ಬೀದಿಯಲ್ಲಿ ಜಾಗವಿಲ್ಲದೆ ಕಾಲುದಾರಿ ಹತ್ತಿದವನು ಸಿಕ್ಕಿಬೀಳುತ್ತಾನೆ.

ವಿಗಲ್ ಮತ್ತು ಟ್ಯಾಂಪಾ ಒಂದೇ ವರ್ಷದವು. ಆ ಹೊತ್ತಿನ ಚರ್ಚೆಗಳಲ್ಲಿ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಅಪರೂಪ. ಒಂದನ್ನು ಸಾರಿಗೆಯ ಪ್ರಶ್ನೆಯೆಂದೂ ಇನ್ನೊಂದನ್ನು ಜನಾಂಗೀಯ ತಾರತಮ್ಯದ ಪ್ರಶ್ನೆಯೆಂದೂ ಬೇರೆ ಕಡತಗಳಲ್ಲಿ ಇಟ್ಟರು. ನನ್ನ ಓದಿನಲ್ಲಿ ಎರಡರ ಯಂತ್ರವೂ ಒಂದೇ. ವಿಗಲ್‌ನ ಸವಾರನಿಗೆ ವಿವೇಚನೆ ಎಂದರೆ ಹಲವು ವರ್ಷ ಸಿಕ್ಕ ರಿಯಾಯಿತಿ, ಒಂದು ಬೇಸಗೆಯಲ್ಲಿ ಅದು ಹಿಂದೆ ಹೋದದ್ದು. ಟ್ಯಾಂಪಾದ ಸವಾರನಿಗೆ ಅದು ದಿನದಿನದ ತಡೆ. ನಿಯಮದ ಅಗಲ ಇಬ್ಬರಿಗೂ ಸಮಾನವಾಗಿತ್ತು, ಕಾವಲು ಸಮಾನವಾಗಿರಲಿಲ್ಲ. ಅದಕ್ಕೇ ‘ಆದ್ಯತೆ ತಗ್ಗಿಸಿ’ ಎಂಬ ಅವಲೋಸ್ ಮಾದರಿಯ ಬಗ್ಗೆ ನನಗೆ ಅನುಮಾನ. ಆದ್ಯತೆಯೂ ಪೊಲೀಸನೇ ತೂಗುವ ವಸ್ತು. ಎಚ್ಚರದಿಂದ ದಾಟಿದನೇ ಇಲ್ಲವೇ ಎಂಬುದನ್ನು ತೀರ್ಮಾನಿಸುವವನೂ ಅವನೇ.

ಕ್ಯಾಲಿಫೋರ್ನಿಯಾದ ಶಾಸನಸಭೆ ಆಮೇಲೆ ಎರಡು ಬೇರೆ ಬೇರೆ ದಾರಿ ಹಿಡಿಯಿತು. ಸ್ಟಾಪ್ ಫಲಕವನ್ನು ಸಡಿಲಿಸುವ ಮಸೂದೆ 2021ರಲ್ಲಿ ಪಾಸಾದರೂ ಗವರ್ನರ್ ಗ್ಯಾವಿನ್ ನ್ಯೂಸಮ್ ಸುರಕ್ಷತೆಯ, ಅದರಲ್ಲೂ ಮಕ್ಕಳ ಸುರಕ್ಷತೆಯ ಕಾರಣ ಕೊಟ್ಟು, ಸಹಿ ಹಾಕಲಿಲ್ಲ. 2022ರ ಇನ್ನೊಂದು ಮಸೂದೆಗೆ ಸಹಿ ಬಿತ್ತು. ಅದರ ಗದ್ದಲವಿಲ್ಲದ ಒಂದು ವಿಧಿ ಹೀಗಿದೆ: ಯಾವ ಊರಾಡಳಿತವೂ ಸೈಕಲ್ಲಿಗೆ ಪರವಾನಗಿ ಕಡ್ಡಾಯ ಮಾಡುವಂತಿಲ್ಲ. ನಮ್ಮ ಪುರಸಭೆಗಳು ಒಂದು ಕಾಲದಲ್ಲಿ ತೆರಿಗೆ ಕಟ್ಟಿಸಿಕೊಂಡು ಕೊಡುತ್ತಿದ್ದ ಸೈಕಲ್ ಬಿಲ್ಲೆಯಂಥ ಪದ್ಧತಿ ಅಲ್ಲಿನ ಕೆಲವು ಊರುಗಳಲ್ಲಿ ಅಲ್ಲಿಯವರೆಗೂ ಪುಸ್ತಕದಲ್ಲಿ ಉಳಿದಿತ್ತು. ಪರವಾನಗಿ ಎಲ್ಲಿ ಎಂದು ಕೇಳುವುದು ಸವಾರನನ್ನು ನಿಲ್ಲಿಸಲು ಸಾಕಾದ ನೆಪವಾಗಿತ್ತು. 2023ರ ಜನವರಿಯಿಂದ ಆ ಪ್ರಶ್ನೆ ಕೇಳುವ ಅಧಿಕಾರ ಹೋಯಿತು. ವಿಗಲ್‌ನ ಸ್ಟಾಪ್ ಫಲಕದ ನಿಯಮಕ್ಕೆ ಈ ಮಸೂದೆ ಕೈ ಹಾಕಲಿಲ್ಲ.