ಅಮೆರಿಕದ ಪ್ರಥಮ ಸಂವಿಧಾನ: ಸರ್ವಾನುಮತದ ಬಲಾಬಲ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನವೆಂದೊಡನೆ 1787ರ ಬೇಸಗೆಯಲ್ಲಿ ಫಿಲಡೆಲ್ಫಿಯ ನಗರದಲ್ಲಿ ರಚಿತವಾದ ಶಾಸನವೇ ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ಆ ರಾಷ್ಟ್ರವು ತನ್ನ ಸ್ವಾತಂತ್ರ್ಯಯುದ್ಧದ ಅಂತಿಮ ಘಟ್ಟವನ್ನು ದಾಟಿದ್ದು, ಬ್ರಿಟನ್ನಿನೊಡನೆ ಸಂಧಿ ಮಾಡಿಕೊಂಡದ್ದು, ಮಿಸಿಸಿಪ್ಪಿ ನದಿಯವರೆಗಿನ ವಿಸ್ತಾರವಾದ ಭೂಮಿಯ ವ್ಯವಸ್ಥೆಯನ್ನು ನಿರ್ಧರಿಸಿದ್ದು, ಇವೆಲ್ಲವೂ ಅದಕ್ಕೆ ಹಿಂದಿನ ಮತ್ತೊಂದು ಶಾಸನದ ಆಶ್ರಯದಲ್ಲಿ ನಡೆದ ಕಾರ್ಯಗಳು. ಒಕ್ಕೂಟದ ನಿಬಂಧನೆಗಳೆಂದು ಕರೆಯಲ್ಪಟ್ಟ, ಹದಿಮೂರು ವಿಧಿಗಳುಳ್ಳ ಆ ಶಾಸನವು 1781ರ ಮಾರ್ಚ್ 1ರಿಂದ 1789ರ ಮಾರ್ಚ್ ಆರಂಭದವರೆಗೆ ಎಂಟು ವರ್ಷಕಾಲ ಜಾರಿಯಲ್ಲಿದ್ದಿತು. 1888ರಲ್ಲಿ ಗ್ರಂಥ ಬರೆದ ಜಾನ್ ಫಿಸ್ಕೆಯು ಈ ಕಾಲವನ್ನು ರಾಷ್ಟ್ರವು ವಿನಾಶದ ಅಂಚಿನಲ್ಲಿ ನಿಂತಿದ್ದ ಸಂಕಟಕಾಲವೆಂದು ಚಿತ್ರಿಸಿದನು. 1940ರಲ್ಲಿಯೂ 1950ರಲ್ಲಿಯೂ ಪ್ರಕಟವಾದ ತನ್ನ ಎರಡು ಗ್ರಂಥಗಳಲ್ಲಿ ಮೆರಿಲ್ ಜೆನ್ಸೆನ್ ಆ ಚಿತ್ರವನ್ನು ಅಲ್ಲಗಳೆದು, ಸ್ವಾತಂತ್ರ್ಯ ಘೋಷಣೆಯ ಪ್ರಜಾಸತ್ತಾತ್ಮಕ ಆಶಯಕ್ಕೆ ಸಹಜವಾದ ರೂಪವೇ ಈ ಒಕ್ಕೂಟವೆಂದು ವಾದಿಸಿದನು. ಶಾಸನದ ಪಾಠವನ್ನೂ ಅದರ ಆಚರಣೆಯನ್ನೂ ಜೊತೆಗಿರಿಸಿ ನೋಡುವವರಿಗೆ ಈ ಎರಡು ಪಕ್ಷಗಳಲ್ಲಿ ಯಾವುದೂ ಪೂರ್ಣವಾಗಿ ತೃಪ್ತಿಕೊಡುವುದಿಲ್ಲ. ಆ ಶಾಸನವನ್ನು ಕೊನೆಗೆ ಕೆಡವಿದ ನಿಯಮ ಯಾವುದೋ, ಅದರ ಅತ್ಯುತ್ತಮ ಫಲವನ್ನು ಕೊಟ್ಟದ್ದೂ ಅದೇ ನಿಯಮ ಎಂಬುದು ಈ ಲೇಖನದ ಪ್ರತಿಪಾದನೆ.

1776ರ ಜೂನ್ 7ರಂದು ವರ್ಜೀನಿಯದ ರಿಚರ್ಡ್ ಹೆನ್ರಿ ಲೀ ಕಾಂಗ್ರೆಸ್ಸಿನ ಮುಂದಿಟ್ಟ ನಿರ್ಣಯವು ಸ್ವಾತಂತ್ರ್ಯ, ವಿದೇಶೀ ಮೈತ್ರಿ, ವಸಾಹತುಗಳ ಒಕ್ಕೂಟ ಈ ಮೂರನ್ನೂ ಒಟ್ಟಿಗೆ ಕೇಳಿದ್ದಿತು. ಒಕ್ಕೂಟದ ಕರಡನ್ನು ಬರೆದವನು ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್. ಘೋಷಣೆಗೆ ಇನ್ನೂ ಕಾಲ ಕೂಡಿಬಂದಿಲ್ಲವೆಂದು ಅದಕ್ಕೆ ಸಹಿ ಹಾಕದೆ ಉಳಿದವನೇ ಅದರ ಸಂತಾನವಾದ ರಾಷ್ಟ್ರಕ್ಕೆ ಮೊದಲ ಶಾಸನವನ್ನು ರೂಪಿಸಿದ್ದು ವಿಶೇಷ. ಅವನ ಕರಡಿನಲ್ಲಿ ಕೇಂದ್ರಕ್ಕೆ ಸಾಕಷ್ಟು ಬಲವಿದ್ದಿತು. ಮರುವರ್ಷ ಉತ್ತರ ಕೆರೊಲಿನದ ಥಾಮಸ್ ಬರ್ಕ್ ಎಂಬ ಪ್ರತಿನಿಧಿಯು, ಸ್ಪಷ್ಟವಾಗಿ ಒಪ್ಪಿಸಿಕೊಡದ ಅಧಿಕಾರವೆಲ್ಲವೂ ಆಯಾ ಸಂಸ್ಥಾನದಲ್ಲಿಯೇ ಉಳಿಯತಕ್ಕದ್ದೆಂದೂ ಪ್ರತಿಯೊಂದು ಸಂಸ್ಥಾನವೂ ಸಾರ್ವಭೌಮವೆಂದೂ ಸಾರುವ ವಿಧಿಯನ್ನು ಸೇರಿಸಿಸಿದನು. ಬ್ರಿಟಿಷ್ ಸೈನ್ಯವು ಫಿಲಡೆಲ್ಫಿಯವನ್ನು ಹಿಡಿದಿದ್ದುದರಿಂದ ಯಾರ್ಕ್ ಎಂಬ ಸಣ್ಣ ಊರಿಗೆ ಹೋಗಿ ಸೇರಿದ್ದ ಕಾಂಗ್ರೆಸ್ಸು 1777ರ ನವೆಂಬರ್ 15ರಂದು ಈ ಪಾಠವನ್ನು ಅಂಗೀಕರಿಸಿತು.

ಶಾಸನದ ರಚನೆಯನ್ನು ನೋಡಿದರೆ, ಪ್ರಭುತ್ವದ ಮೇಲಣ ಅವಿಶ್ವಾಸವೇ ಅದರ ಅಸ್ತಿಭಾರವೆಂಬುದು ತಿಳಿಯುತ್ತದೆ. ಒಂದೇ ಸಭೆ, ಸಂಸ್ಥಾನ ದೊಡ್ಡದಿರಲಿ ಸಣ್ಣದಿರಲಿ, ಅದು ಕಳುಹಿಸುವ ಪ್ರತಿನಿಧಿಗಳು ಇಬ್ಬರಿರಲಿ ಏಳು ಮಂದಿಯಿರಲಿ, ಒಂದೇ ಮತ. ಆರು ವರ್ಷಗಳಲ್ಲಿ ಮೂರಕ್ಕಿಂತ ಹೆಚ್ಚು ಕಾಲ ಯಾರೂ ಪ್ರತಿನಿಧಿಯಾಗಿರಕೂಡದು. ಸಂಸ್ಥಾನವು ಬಯಸಿದಾಗ ಅವನನ್ನು ಹಿಂದಕ್ಕೆ ಕರೆಸಿಕೊಳ್ಳಬಹುದು. ಅಧ್ಯಕ್ಷನೆಂಬವನು ಸಭೆಯನ್ನು ನಡೆಸುವವನೇ ಹೊರತು ಆಳುವವನಲ್ಲ. ಪ್ರತ್ಯೇಕವಾದ ಕಾರ್ಯಾಂಗವೂ ಇಲ್ಲ, ರಾಷ್ಟ್ರೀಯ ನ್ಯಾಯಾಂಗವೂ ಇಲ್ಲ. ಯುದ್ಧ, ಸಂಧಿ, ನಾಣ್ಯ, ಸಾಲ ಮೊದಲಾದ ಮುಖ್ಯ ವಿಷಯಗಳಿಗೆ ಒಂಬತ್ತು ಸಂಸ್ಥಾನಗಳ ಒಪ್ಪಿಗೆ ಬೇಕು. ಶಾಸನದ ತಿದ್ದುಪಡಿಗೆ ಹದಿಮೂರೂ ಒಪ್ಪಬೇಕು. ಇದನ್ನು ಅಜ್ಞಾನದ ಫಲವೆನ್ನುವುದು ಅನ್ಯಾಯ. ಸಮುದ್ರದಾಚೆಯ ಒಂದು ಪಾರ್ಲಿಮೆಂಟು ತಮ್ಮ ಒಪ್ಪಿಗೆಯಿಲ್ಲದೆ ಹಾಕಿದ ತೆರಿಗೆಯನ್ನು ಪ್ರತಿಭಟಿಸಿ ರಕ್ತ ಚೆಲ್ಲುತ್ತಿದ್ದ ಜನ, ಅದೇ ಅಧಿಕಾರವನ್ನು ತಮ್ಮ ಊರಿನಿಂದ ಬಹುದೂರದಲ್ಲಿ ಕೂಡುವ ಬೇರೊಂದು ಸಭೆಯ ಕೈಗೆ ಆ ಯುದ್ಧದ ನಡುವೆಯೇ ಒಪ್ಪಿಸಿಬಿಡುವರೆಂದು ನಿರೀಕ್ಷಿಸುವುದೆಂತು? ಅಷ್ಟಲ್ಲದೆ, ಸ್ಥಾಯಿಯಾದ ಗುಣಗಳೂ ಅದರಲ್ಲಿದ್ದವು. ಒಂದು ಸಂಸ್ಥಾನದ ಸ್ವತಂತ್ರ ನಿವಾಸಿಗೆ ಉಳಿದವುಗಳಲ್ಲಿಯೂ ಪೌರನ ಹಕ್ಕು, ನ್ಯಾಯಾಲಯದ ತೀರ್ಪುಗಳಿಗೆ ಪರಸ್ಪರ ಮಾನ್ಯತೆ, ತಪ್ಪಿಸಿಕೊಂಡ ಅಪರಾಧಿಯನ್ನು ಒಪ್ಪಿಸುವ ಕಟ್ಟಳೆ, ಇವನ್ನು ವಿಧಿಸಿದ ನಾಲ್ಕನೆಯ ವಿಧಿಯ ಸಾರವು 1787ರ ಸಂವಿಧಾನದಲ್ಲಿಯೂ ಉಳಿದುಬಂದಿತು. ಸ್ವತಂತ್ರ ನಿವಾಸಿ ಎಂಬ ಆ ಮಾತು ದಾಸ್ಯದಲ್ಲಿದ್ದ ಲಕ್ಷಾಂತರ ಕರಿಯ ಜನರನ್ನು ಹೊರಗಿಟ್ಟಿತೆಂಬುದನ್ನು ಮಾತ್ರ ಮರೆಯುವಂತಿಲ್ಲ.

ದೋಷವು ಪ್ರತ್ಯಕ್ಷವಾದದ್ದು ಬೊಕ್ಕಸದಲ್ಲಿ. ಎಂಟನೆಯ ವಿಧಿಯಂತೆ, ಯುದ್ಧವೆಚ್ಚವನ್ನು ಪ್ರತಿಯೊಂದು ಸಂಸ್ಥಾನವೂ ತನ್ನಲ್ಲಿಯ ಜಮೀನು ಕಟ್ಟಡಗಳ ಬೆಲೆಗೆ ಅನುಸಾರವಾಗಿ ಕೊಡತಕ್ಕದ್ದು. ತೆರಿಗೆ ಹಾಕುವುದೂ ವಸೂಲು ಮಾಡುವುದೂ ಸಂಸ್ಥಾನದ ಶಾಸನಸಭೆಯ ಕೆಲಸ. ಕೊಡದಿದ್ದರೆ ಮಾಡುವುದೇನು ಎಂಬುದಕ್ಕೆ ಶಾಸನದಲ್ಲಿ ಒಂದಕ್ಷರವಿಲ್ಲ. ಕಾಂಗ್ರೆಸ್ಸು ಅಚ್ಚುಹಾಕಿಸಿದ ಕಾಗದದ ಹಣದ ಬೆಲೆಯಾದರೋ ಈ ಮೊದಲೇ ನೆಲಕಚ್ಚಿದ್ದಿತು. 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ ಅದರ ನಲವತ್ತು ಡಾಲರುಗಳನ್ನು ಒಂದು ಬೆಳ್ಳಿ ಡಾಲರಿಗೆ ಸಮವೆಂದು ಒಪ್ಪಿಕೊಳ್ಳಬೇಕಾಯಿತು. 1782ನೆಯ ವರ್ಷಕ್ಕೆಂದು ಸಂಸ್ಥಾನಗಳಿಂದ ಕೇಳಿದ್ದು 80 ಲಕ್ಷ ಡಾಲರು. ವರ್ಷ ಮುಗಿಯುವ ವೇಳೆಗೆ ಬಂದದ್ದು ಸುಮಾರು 4 ಲಕ್ಷ. ಪರಿಹಾರವಾಗಿ ಆಮದು ಸರಕಿನ ಮೇಲೆ ನೂರಕ್ಕೆ ಐದರಂತೆ ಸುಂಕ ವಿಧಿಸುವ ತಿದ್ದುಪಡಿಯನ್ನು ಕಾಂಗ್ರೆಸ್ಸು 1781ರಲ್ಲಿ ಸೂಚಿಸಿತು. ಬಹುತೇಕ ಸಂಸ್ಥಾನಗಳು ಒಪ್ಪಿದವು. ಎಲ್ಲಕ್ಕಿಂತ ಸಣ್ಣದಾದ ರೋಡ್ ಐಲೆಂಡ್ 1782ರ ನವೆಂಬರಿನಲ್ಲಿ ಒಲ್ಲೆನೆಂದಿತು, ಪ್ರಸ್ತಾಪ ಅಲ್ಲಿಗೆ ನಿಂತಿತು. 1783ರಲ್ಲಿ ಅದನ್ನೇ ಮೃದುಗೊಳಿಸಿ ಮತ್ತೆ ತಂದಾಗ ಅಡ್ಡನಿಂತದ್ದು ನ್ಯೂಯಾರ್ಕ್. ತನ್ನ ಬಂದರಿನ ಸುಂಕದ ಆದಾಯವನ್ನು ಬಿಟ್ಟುಕೊಡಲು ಅದು ಹಾಕಿದ ಷರತ್ತುಗಳನ್ನು ಕಾಂಗ್ರೆಸ್ಸು ಒಪ್ಪುವಂತಿರಲಿಲ್ಲ. 1783ರ ಜೂನಿನಲ್ಲಿ ಸಂಬಳ ಕಾಣದ ಕೆಲವು ನೂರು ಸಿಪಾಯಿಗಳು ಫಿಲಡೆಲ್ಫಿಯದ ಸಭಾಭವನವನ್ನು ಸುತ್ತುಗಟ್ಟಿದರು. ಸ್ಥಳೀಯ ಪಡೆಯನ್ನು ಕರೆಸಲು ಪೆನ್ಸಿಲ್ವೇನಿಯದ ಆಡಳಿತ ಮನಸ್ಸು ಮಾಡಲಿಲ್ಲ. ರಾಷ್ಟ್ರದ ಮಹಾಸಭೆಯು ಊರು ಬಿಟ್ಟು ಪ್ರಿನ್ಸ್‌ಟನ್ನಿಗೆ ಹೋಗಬೇಕಾಯಿತು.

ಅದೇ ವರ್ಷದ ಕೊನೆಯಲ್ಲಿ, ಕಾಂಗ್ರೆಸ್ಸು ಆಗ ಕೂಡುತ್ತಿದ್ದ ಅನಾಪೊಲಿಸ್ಸಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪ್ಯಾರಿಸ್ಸಿನ ಸಂಧಿಗೆ 1783ರ ಸೆಪ್ಟೆಂಬರ್ 3ರಂದು ಸಹಿಯಾಗಿದ್ದಿತು. ಆರು ತಿಂಗಳೊಳಗೆ ಅನುಮೋದನೆಯ ಪತ್ರಗಳು ಬದಲಾಗಬೇಕೆಂಬುದು ಅದರ ಕರಾರು. ಅನುಮೋದನೆಗೆ ಒಂಬತ್ತು ಸಂಸ್ಥಾನಗಳು ಬೇಕು, ಸಭೆಯಲ್ಲಿದ್ದದ್ದು ಏಳು. ಏಳೇ ಸಾಕೆಂದು ಕೆಲವರು ವಾದಿಸಿದರು, ಜೆಫರ್ಸನ್ ಒಪ್ಪಲಿಲ್ಲ. ಕಡುಚಳಿಯಲ್ಲಿ ಪತ್ರದ ಮೇಲೆ ಪತ್ರ ಹೋಯಿತು. ಕನೆಕ್ಟಿಕಟ್ಟಿನ ಪ್ರತಿನಿಧಿಗಳು ಬಂದು ಸೇರಿದರು. ಫಿಲಡೆಲ್ಫಿಯದಲ್ಲಿ ಅಸ್ವಸ್ಥನಾಗಿದ್ದ ದಕ್ಷಿಣ ಕೆರೊಲಿನದ ರಿಚರ್ಡ್ ಬೆರೆಸ್‌ಫರ್ಡ್ ಎದ್ದು ಬಂದನು. 1784ರ ಜನವರಿ 14ರಂದು ಒಂಬತ್ತು ಸಂಸ್ಥಾನಗಳ ಮತ ದೊರೆಯಿತು. ಪತ್ರವು ಅಟ್ಲಾಂಟಿಕ್ ದಾಟಿ ಗಡುವಿನೊಳಗೆ ತಲಪಲಿಲ್ಲ. ಬ್ರಿಟನ್ ತಕರಾರು ಮಾಡದಿದ್ದುದರಿಂದ ಮೇ 12ರಂದು ವಿನಿಮಯವಾಯಿತು. ಎಂಟು ವರ್ಷ ಯುದ್ಧ ಮಾಡಿ ಗಳಿಸಿದ ಸ್ವಾತಂತ್ರ್ಯದ ಮಾನ್ಯತೆಯು ಕೆಲವೇ ಪ್ರತಿನಿಧಿಗಳ ಪ್ರಯಾಣವನ್ನು ಅವಲಂಬಿಸಿದ್ದಿತೆಂದರೆ ಆ ವ್ಯವಸ್ಥೆಯ ದೌರ್ಬಲ್ಯಕ್ಕೆ ಬೇರೆ ಪ್ರಮಾಣ ಬೇಡ.

ಕಡಲಿನ ರಕ್ಷಣೆಯ ಸ್ಥಿತಿಯೂ ಹೀಗೆಯೇ ಇದ್ದಿತು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ವ್ಯಾಪಾರದ ಹಡಗುಗಳನ್ನು ಕಾಪಾಡುವ ಹೊಣೆಯನ್ನು ಹೊತ್ತವರು ಪೆನ್ಸಿಲ್ವೇನಿಯ ಸಂಸ್ಥಾನವೂ ಫಿಲಡೆಲ್ಫಿಯದ ವರ್ತಕರೂ. ಅವರು ಸಜ್ಜುಗೊಳಿಸಿದ ನೌಕೆಯ ಹೆಸರು ಕನ್ನಡಿಗರ ಗಮನವನ್ನು ಸೆಳೆಯತಕ್ಕದ್ದು: ಅದು ಹೈದರ್ ಆಲಿ. ಇತ್ತ ಮೈಸೂರಿನ ನವಾಬನು ಇಂಗ್ಲಿಷರೊಡನೆ ತನ್ನ ಕೊನೆಯ ಯುದ್ಧವನ್ನು ನಡೆಸುತ್ತಿದ್ದಾಗಲೇ, ಅವನ ಹೆಸರಿನ ಆ ಹಡಗು ಜೋಶುವ ಬಾರ್ನಿಯ ನಾಯಕತ್ವದಲ್ಲಿ ಏಪ್ರಿಲ್ 8ರಂದು ತನಗಿಂತ ಬಲವಾದ ಜನರಲ್ ಮಂಕ್ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು.

ಇನ್ನು, ಸುಂಕದ ತಿದ್ದುಪಡಿಗಳನ್ನು ಕೆಡವಿದ ಆ ಸರ್ವಾನುಮತದ ನಿಯಮದ ಮತ್ತೊಂದು ಮುಖ. ಅನುಮೋದನೆಗೂ ಹದಿಮೂರು ಸಂಸ್ಥಾನಗಳ ಒಪ್ಪಿಗೆ ಬೇಕಾಗಿದ್ದುದರಿಂದ, 1777ರಲ್ಲಿ ಸಿದ್ಧವಾದ ಶಾಸನವು 1781ರವರೆಗೆ ಕಾಯಬೇಕಾಯಿತು. ತಡೆದು ನಿಲ್ಲಿಸಿದ್ದು ಮೇರಿಲೆಂಡ್. ವರ್ಜೀನಿಯ ಮೊದಲಾದವು ತಮ್ಮ ಹಳೆಯ ರಾಜಸನ್ನದುಗಳ ಬಲದಿಂದ ಪಶ್ಚಿಮದ ಅಪಾರ ಭೂಮಿ ತಮ್ಮದೆನ್ನುತ್ತಿದ್ದವು. ಅಂಥ ಹಕ್ಕಿಲ್ಲದ ಮೇರಿಲೆಂಡ್, ಎಲ್ಲರ ರಕ್ತದಿಂದ ಗೆಲ್ಲುವ ಭೂಮಿಯು ಎಲ್ಲರ ಸೊತ್ತಾಗಬೇಕೆಂದು ಹಟ ಹಿಡಿಯಿತು. ಭೂವ್ಯಾಪಾರದಲ್ಲಿ ಹಣ ಹೂಡಿದ್ದ ಅಲ್ಲಿಯ ಕೆಲವು ಪ್ರಮುಖರ ಸ್ವಾರ್ಥವೂ ಆ ಹಟದಲ್ಲಿ ಬೆರೆತಿದ್ದಿತು. ಆದರೂ ಅದರ ಪರಿಣಾಮ ಉದಾತ್ತವಾದದ್ದು. 1780ರಲ್ಲಿ ನ್ಯೂಯಾರ್ಕ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು; ಅಕ್ಟೋಬರ್ 10ರಂದು ಕಾಂಗ್ರೆಸ್ಸು, ಹೀಗೆ ಬಂದ ಭೂಮಿಯಲ್ಲಿ ಹಳೆಯವುಗಳಿಗೆ ಸರಿಸಮಾನವಾದ ಹೊಸ ಸಂಸ್ಥಾನಗಳನ್ನು ಕಟ್ಟುವುದಾಗಿ ಮಾತುಕೊಟ್ಟಿತು; 1781ರ ಜನವರಿಯಲ್ಲಿ ವರ್ಜೀನಿಯವೂ ಮಣಿಯಿತು; ಮಾರ್ಚ್ 1ರಂದು ಮೇರಿಲೆಂಡ್ ಸಹಿ ಹಾಕಿತು. ತೆರಿಗೆ ಎತ್ತಲಾರದ ಕಾಂಗ್ರೆಸ್ಸು ಒಂದು ಸಾಮ್ರಾಜ್ಯದಷ್ಟು ಭೂಮಿಗೆ ಒಡೆಯನಾಯಿತು.

ಆ ಭೂಮಿಯನ್ನು ಅದು ವಿನಿಯೋಗಿಸಿದ ರೀತಿಯಲ್ಲಿ ಈ ಶಾಸನದ ಕೀರ್ತಿಯಿದೆ. 1785ರ ಕಾಯಿದೆಯು ಆರು ಮೈಲಿ ಚೌಕದ ಊರುಗಳನ್ನು ಅಳೆದು, ಒಂದೊಂದನ್ನು 640 ಎಕರೆಯ 36 ಭಾಗಗಳಾಗಿ ಹಂಚಿ, ಹದಿನಾರನೆಯ ಭಾಗವನ್ನು ಶಾಲೆಗೆಂದು ಮೀಸಲಿಟ್ಟಿತು. 1787ರ ಜುಲೈ 13ರ ವಾಯವ್ಯ ಪ್ರಾಂತದ ಕಾಯಿದೆಯು ಮತಸ್ವಾತಂತ್ರ್ಯಕ್ಕೂ ಪಂಚರ ಮುಂದಿನ ವಿಚಾರಣೆಗೂ ಭರವಸೆ ಕೊಟ್ಟಿತು. ಅಲ್ಲಿ ದಾಸ್ಯವನ್ನು ನಿಷೇಧಿಸಿತು. 60,000 ಸ್ವತಂತ್ರ ನಿವಾಸಿಗಳಾದ ಪ್ರದೇಶವು ಒಕ್ಕೂಟದ ಸಮಾನ ಸದಸ್ಯನಾಗಬಹುದೆಂದಿತು. ತಾನೇ ವಸಾಹತಾಗಿದ್ದ ರಾಷ್ಟ್ರವು ತನಗೆ ವಸಾಹತುಗಳು ಬೇಡವೆಂದು ನಿಶ್ಚಯಿಸಿದ ಈ ಘಟನೆ ರಾಜ್ಯಶಾಸ್ತ್ರದ ಇತಿಹಾಸದಲ್ಲಿ ಅಪೂರ್ವವಾದದ್ದು. ಆ ನೆಲದಲ್ಲಿ ತಲೆತಲಾಂತರದಿಂದ ಬಾಳಿದ ಮೂಲನಿವಾಸಿಗಳ ಭೂಮಿಯನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳಕೂಡದೆಂದೂ ಕಾಯಿದೆ ಹೇಳಿತು. ಆ ವಚನ ಉಳಿಯಲಿಲ್ಲ, ಅದು ಆ ಜನಾಂಗದ ಮೇಲೆ ನಡೆದ ಘೋರ ಅನ್ಯಾಯ. ಇನ್ನೊಂದು ಸಂಗತಿ: ಹೊಸ ಸಂಸ್ಥಾನಗಳನ್ನು ಕಟ್ಟುವ ಅಧಿಕಾರ ನಿಬಂಧನೆಗಳಲ್ಲಿ ಎಲ್ಲಿಯೂ ಇರಲಿಲ್ಲ. 1788ರಲ್ಲಿ ಮ್ಯಾಡಿಸನ್ ಇದನ್ನು ಎತ್ತಿ ತೋರಿಸಿದನು. ಅವನ ಮಾತು ಸರಿ. ಶಾಸನದ ಅತ್ಯಂತ ಶ್ರೇಷ್ಠವಾದ ಕಾರ್ಯ ಶಾಸನದ ಮಿತಿಯ ಹೊರಗೆ ನಡೆಯಿತು.

ಮುಂದಿನ ಕಥೆ ಪ್ರಸಿದ್ಧವಾದದ್ದು. ಸಾಲ ಮತ್ತು ತೆರಿಗೆಯ ಭಾರದಿಂದ ಬಸವಳಿದ ಪಶ್ಚಿಮ ಮ್ಯಾಸಚೂಸೆಟ್ಸಿನ ರೈತರು 1786ರಲ್ಲಿ ನ್ಯಾಯಾಲಯಗಳನ್ನು ಮುಚ್ಚಿಸಿದಾಗ, ಡೇನಿಯಲ್ ಷೇಸನ ಹೆಸರಿನಲ್ಲಿ ಪ್ರಸಿದ್ಧವಾದ ಆ ದಂಗೆಯನ್ನು ಅಡಗಿಸಿದ್ದು ಬಾಸ್ಟನ್ನಿನ ವರ್ತಕರ ಹಣದಿಂದ ಕೂಡಿಸಿದ ಸಂಸ್ಥಾನದ ಪಡೆ. ಕಾಂಗ್ರೆಸ್ಸಿನ ಕೈಯಲ್ಲಿ ಏನೂ ಆಗಲಿಲ್ಲ. 1787ರ ಮೇ ತಿಂಗಳಲ್ಲಿ ನಿಬಂಧನೆಗಳನ್ನು ಪರಿಷ್ಕರಿಸಲೆಂದು ಕೂಡಿದ ಸಮ್ಮೇಳನವು ಅವನ್ನು ಬದಿಗಿರಿಸಿ ಹೊಸದನ್ನೇ ರಚಿಸಿತು. ತಿದ್ದುಪಡಿಗೆ ಹದಿಮೂರು ಒಪ್ಪಿಗೆ ಬೇಕೆಂಬ ನಿಯಮ ಜೀವಂತವಾಗಿದ್ದಾಗಲೇ ಒಂಬತ್ತು ಸಾಕೆಂದು ಅದು ಬರೆಯಿತು. ನ್ಯಾಯದ ದೃಷ್ಟಿಯಿಂದ ಇದು ಉಲ್ಲಂಘನೆಯೇ. ಆದರೆ ಆ ಸಮ್ಮೇಳನಕ್ಕೆ ಪ್ರತಿನಿಧಿಯನ್ನೇ ಕಳುಹಿಸದ ರೋಡ್ ಐಲೆಂಡಿನ ಒಪ್ಪಿಗೆಗೆ ಕಾದಿದ್ದರೆ ಯಾವ ಸುಧಾರಣೆಯೂ ಸಾಧ್ಯವಾಗುತ್ತಿರಲಿಲ್ಲ. ಆ ಸಂಸ್ಥಾನವು ಹೊಸ ಸಂವಿಧಾನವನ್ನು ಒಪ್ಪಿದ್ದು 1790ರ ಮೇ 29ರಂದು, ಹದಿಮೂರರಲ್ಲಿ ಕೊನೆಯದಾಗಿ.

ಹೊಸ ಸಂವಿಧಾನದ ಕೆಳಗೆ ಕೂಡಿದ ಮೊದಲನೆಯ ಕಾಂಗ್ರೆಸ್ಸು 1789ರ ಆಗಸ್ಟ್ 7ರಂದು ವಾಯವ್ಯ ಪ್ರಾಂತದ ಕಾಯಿದೆಯನ್ನು ಪುನಃ ಅಂಗೀಕರಿಸಿತು. ಅದರ ಎಲ್ಲೆಯೊಳಗಿನಿಂದ 1803ರಲ್ಲಿ ಓಹಾಯೊ ಮೊದಲುಗೊಂಡು ಇಂಡಿಯಾನ, ಇಲಿನಾಯ್, ಮಿಷಿಗನ್, ವಿಸ್ಕಾನ್ಸಿನ್ ಎಂಬ ಐದು ಸಂಸ್ಥಾನಗಳು ಒಕ್ಕೂಟವನ್ನು ಸೇರಿದವು.