ಹೃದಯ ಸ್ನಾಯುವಿನ ರಕ್ತಪ್ರವಾಹ ಮಾಪನ

ಹೃದಯ ಸ್ನಾಯುವಿನ ರಕ್ತಪ್ರವಾಹ ಮಾಪನವು ಒಂದು ಗ್ರಾಂ ಹೃದಯ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹರಿಯುತ್ತದೆ ಎಂಬುದನ್ನು ಲೆಕ್ಕಹಾಕುವ ಪರೀಕ್ಷೆಯಾಗಿದೆ. ಆಂಜಿಯೋಗ್ರಾಮ್‌ನಲ್ಲಿ ಗಣನೀಯ ಅಡಚಣೆ ಕಾಣದಿದ್ದರೂ ಎದೆನೋವು ಮರುಕಳಿಸುವ ರೋಗಿಗಳಲ್ಲಿ ಕಾರಣವನ್ನು ಪತ್ತೆಹಚ್ಚಲು ಇದು ನೆರವಾಗುತ್ತದೆ.

ಹಿನ್ನೆಲೆ

ಆಂಜಿಯೋಗ್ರಾಮ್ ಹೃದಯದ ಮೇಲ್ಮೈಯ ದೊಡ್ಡ ಕರೋನರಿ ಅಪಧಮನಿಗಳನ್ನು ತೋರಿಸುತ್ತದೆ. ಸುಮಾರು ಅರ್ಧ ಮಿಲಿಮೀಟರ್‌ಗಿಂತ ಕಿರಿದಾದ ನಾಳಗಳು ಅದರಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ರಕ್ತದ ಹರಿವನ್ನು ಮುಖ್ಯವಾಗಿ ನಿಯಂತ್ರಿಸುವುದು ಈ ಕಿರುನಾಳಗಳೇ. ಹೃದಯ ಸ್ನಾಯು ವಿಶ್ರಾಂತಿಯಲ್ಲಿಯೇ ರಕ್ತದಿಂದ ಬಹುಪಾಲು ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ, ಶ್ರಮದ ವೇಳೆ ಹರಿವೇ ಹೆಚ್ಚಬೇಕಾಗುತ್ತದೆ. ಕಿರುನಾಳಗಳು ಹಿಗ್ಗದಿದ್ದರೆ ಎದೆನೋವು ಅಥವಾ ಏದುಸಿರು ಉಂಟಾಗಬಹುದು. ಈ ಸ್ಥಿತಿ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇಂತಹ ನೋವನ್ನು ಗ್ಯಾಸ್ಟ್ರಿಕ್ ಅಥವಾ ಆತಂಕವೆಂದು ತಪ್ಪಾಗಿ ಭಾವಿಸುವುದುಂಟು.

ವಿಧಾನ

ಪೆಟ್ ಸ್ಕ್ಯಾನ್ ವಿಧಾನದಲ್ಲಿ ಅಲ್ಪ ವಿಕಿರಣಶೀಲ ದ್ರವ್ಯವನ್ನು ರಕ್ತನಾಳಕ್ಕೆ ನೀಡಿ, ವಿಶ್ರಾಂತಿಯಲ್ಲಿ ಒಮ್ಮೆ ಹಾಗೂ ಅಡೆನೊಸಿನ್‌ನಂತಹ ಔಷಧದಿಂದ ನಾಳಗಳನ್ನು ಹಿಗ್ಗಿಸಿ ಮತ್ತೊಮ್ಮೆ ಹರಿವನ್ನು ಅಳೆಯಲಾಗುತ್ತದೆ. ಎರಡನೆಯ ಅಳತೆಯನ್ನು ಮೊದಲನೆಯದರಿಂದ ಭಾಗಿಸಿದಾಗ ಹರಿವಿನ ಮೀಸಲು ದೊರೆಯುತ್ತದೆ. ಇದು 2ಕ್ಕಿಂತ ಕಡಿಮೆಯಿದ್ದು ದೊಡ್ಡ ಅಪಧಮನಿಗಳಲ್ಲಿ ಅಡಚಣೆ ಇಲ್ಲದಿದ್ದರೆ, ಕಿರುನಾಳಗಳ ದೋಷವನ್ನು ಶಂಕಿಸಲಾಗುತ್ತದೆ. ಅಪಧಮನಿಯ ಸೆಳೆತದಿಂದ ಬರುವ ನೋವಿನಲ್ಲಿ ಈ ಅಂಕಿ ಸಹಜವಾಗಿಯೇ ಇರಬಹುದು. ಅದಕ್ಕೆ ಅಸಿಟೈಲ್‌ಕೋಲಿನ್ ಬಳಸುವ ಪ್ರತ್ಯೇಕ ಪರೀಕ್ಷೆಯಿದೆ.

ದೂರದ ಮಿತಿ

ಪರೀಕ್ಷೆಗೆ ಬಳಸುವ ನೈಟ್ರೋಜನ್-13 ಅಮೋನಿಯದ ಅರ್ಧಾಯು ಸುಮಾರು 10 ನಿಮಿಷ. ಒಂದು ಗಂಟೆಯಲ್ಲಿ ಅದರ 64ರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ತಯಾರಿಸಿದರೂ ಅದನ್ನು ಸುಮಾರು 350 ಕಿ.ಮೀ. ದೂರದ ಮಂಗಳೂರಿಗೆ ರಸ್ತೆಯಲ್ಲಿ ತರುವುದು ಸಾಧ್ಯವಿಲ್ಲ. ಸೈಕ್ಲೋಟ್ರಾನ್ ಯಂತ್ರವು ಸ್ಕ್ಯಾನ್ ಕೇಂದ್ರದ ಸಮೀಪದಲ್ಲೇ ಇರಬೇಕು. ರುಬಿಡಿಯಂ-82ರ ಅರ್ಧಾಯು ಕೇವಲ 75 ಸೆಕೆಂಡುಗಳಷ್ಟಿದ್ದರೂ, ಅದನ್ನು 25 ದಿನಗಳ ಅರ್ಧಾಯುವಿನ ಸ್ಟ್ರಾನ್ಷಿಯಂ-82 ಇರುವ ಜನರೇಟರ್‌ನಿಂದ ಆಸ್ಪತ್ರೆಯಲ್ಲೇ ಪಡೆಯಬಹುದು. ಇವೆರಡೂ ಇಲ್ಲದ ಕಡೆ ಎಂಆರ್‌ಐ ಅಥವಾ ಕ್ಯಾತ್ ಲ್ಯಾಬ್‌ನಲ್ಲಿ ಅಪಧಮನಿಯೊಳಗೆ ಸೇರಿಸುವ ಸೂಕ್ಷ್ಮ ತಂತಿಯ ಮೂಲಕ ಹರಿವನ್ನು ಅಂದಾಜಿಸಬಹುದು.

ಮಹತ್ವ

ಸ್ಕಾಟ್ಲೆಂಡ್‌ನಲ್ಲಿ 151 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಕಾರ್‌ಮೈಕಾ ಅಧ್ಯಯನದಲ್ಲಿ, ತಂತಿ ಮತ್ತು ಅಸಿಟೈಲ್‌ಕೋಲಿನ್ ಪರೀಕ್ಷೆಗಳ ಫಲಿತಾಂಶವನ್ನು ಆಧರಿಸಿ ಚಿಕಿತ್ಸೆ ಪಡೆದವರ ಎದೆನೋವು ಆರು ತಿಂಗಳಲ್ಲಿ ಉಳಿದವರಿಗಿಂತ ಹೆಚ್ಚು ಸುಧಾರಿಸಿತು. ಕಿರುನಾಳಗಳ ದೋಷಕ್ಕೆ ಬೀಟಾ ಬ್ಲಾಕರ್‌ಗಳನ್ನೂ ಸೆಳೆತಕ್ಕೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳನ್ನೂ ಸಾಮಾನ್ಯವಾಗಿ ಬಳಸುವುದರಿಂದ, ಕಾರಣವನ್ನು ಗುರುತಿಸುವುದು ಚಿಕಿತ್ಸೆಯ ಆಯ್ಕೆಯನ್ನೇ ಬದಲಿಸುತ್ತದೆ.